ಮಾರ್ಗಸೂಚಿ ಬೆಲೆಯ ಕರಡು ವಾರ್ಡ್‌ಗೂ ಬರಲಿ

ಮಾನ್ಯರೇ,

ನಗರಗಳಲ್ಲಿ ಆಸ್ತಿ ತೆರಿಗೆಯ ಲೆಕ್ಕ ನಿಂತಿರುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆಯ ಮೇಲೆ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಪಡಿಸುವ ಕನಿಷ್ಠ ಬೆಲೆಯ ಮೇಲೆ. ಮನೆ ಮಾರಿ ಲಾಭ ಮಾಡಿಕೊಳ್ಳುವವರಿಗೂ, ಮಾರುವ ಯೋಚನೆಯೇ ಇಲ್ಲದೆ ಅದರಲ್ಲೇ ಬಾಳುವವರಿಗೂ ಒಂದೇ ಅಳತೆಗೋಲು. ಈ ಬೆಲೆ ಬಹುತೇಕ ರಸ್ತೆ ಅಥವಾ ಬಡಾವಣೆಯ ಲೆಕ್ಕದಲ್ಲಿ ನಿಗದಿಯಾಗುತ್ತದೆ. ತುಮಕೂರಿನ ಚಿಕ್ಕಪೇಟೆಯಂಥ ಹಳೆಯ ಭಾಗದಲ್ಲಿ ಆಟೊ ಕೂಡ ನುಗ್ಗದ ಓಣಿಗಳಿವೆ. ಮುಂದೆ ಗಾಜಿನ ಬಾಗಿಲಿನ ಮಳಿಗೆ, ಅದರ ಬೆನ್ನಿಗೆ ಗೋಡೆಗೆ ತೇವ ಹಿಡಿದ ಹೆಂಚಿನ ಮನೆ. ಎರಡರ ನೆಲಕ್ಕೂ ಒಂದೇ ದರ ಹಿಡಿದರೆ ಅದು ನ್ಯಾಯವೇ? ಕಟ್ಟಡದ ವಯಸ್ಸಿಗೆ ಸವಕಳಿ, ಅಂದರೆ ಹಳತಾದಷ್ಟೂ ಬೆಲೆಯಲ್ಲಿ ಕಡಿತ, ಸಿಗುತ್ತದೆ, ನಿಜ. ನಿವೇಶನಕ್ಕೆ ಸವಕಳಿ ಎಲ್ಲಿಯದು?

ತೆರಿಗೆ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಬೀದಿದೀಪ, ಚರಂಡಿ ಆ ಹಣದಿಂದಲೇ ಆಗಬೇಕು. ಆದರೆ 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾದಾಗ ಅದರ ಕರಡನ್ನು ಓದಿ ಆಕ್ಷೇಪಣೆ ಸಲ್ಲಿಸಿದ ಸಾಮಾನ್ಯರು ನನ್ನ ಪರಿಚಯದಲ್ಲಿ ಒಬ್ಬರೂ ಇಲ್ಲ. ಅದು ತಮ್ಮ ಮನೆ ಕಂದಾಯಕ್ಕೂ ಸಂಬಂಧಿಸಿದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾಲೀಕರೇ ತೆರಿಗೆ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆಯ ಪದ್ಧತಿ ಎನ್ನುತ್ತೇವೆ, ಘೋಷಿಸುವವರಿಗೇ ದರದ ಮೂಲ ಗೊತ್ತಿಲ್ಲ.

ಮುಂದಿನ ಪರಿಷ್ಕರಣೆಯ ಕರಡನ್ನು ಉಪನೋಂದಣಾಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿದರೆ ಸಾಲದು. ಪ್ರತಿ ವಾರ್ಡ್‌ನಲ್ಲೂ ಕನ್ನಡದಲ್ಲಿ ಪ್ರಕಟಿಸಬೇಕು. ಮುಖ್ಯರಸ್ತೆಯ ಮುಂಭಾಗಕ್ಕೂ ಒಳಓಣಿಗೂ ಬೇರೆ ಬೇರೆ ದರ ನಿಗದಿಪಡಿಸಬೇಕು. ಆಕ್ಷೇಪಣೆ ಪಡೆಯಲು ಕಂದಾಯ ಸಿಬ್ಬಂದಿಯೇ ಒಂದು ದಿನ ವಾರ್ಡ್‌ಗೆ ಬಂದು ಕೂರಲಿ.

– ಹಿರಿಯ ನಾಗರಿಕ, ತುಮಕೂರು