ಹಾರ್ನ್ ಪುಟ ಓದಿದ ಅಕ್ಕನಿಗೆ

ನಾನು ಸಂಗೀತದ ಕೆಲಸ ಮಾಡಿದ ವಿಡಿಯೋ ಗೇಮ್ ಬಿಡುಗಡೆಯಾಗಿ ಇವತ್ತಿಗೆ ಒಂದು ತಿಂಗಳು. ಕೊನೆಯಲ್ಲಿ ಹೆಸರುಗಳು ಓಡುವಾಗ ಸರಿಯಾಗಿ ನನ್ನ ಹೆಸರಿನ ಹತ್ತಿರ ನಿಲ್ಲಿಸಿ ಫೋಟೋ ತೆಗೆದು ಕಳಿಸಿದ್ದೀರಲ್ಲ, ಎಲ್ಲರಿಗೂ ಥ್ಯಾಂಕ್ಸ್. ಅದು ಎಷ್ಟು ಬೇಗ ಮಾಯವಾಗುತ್ತೆ ಅಂತ ನನಗೆ ಗೊತ್ತು. ಅದು ಯಾವ ಸಿನಿಮಾ ಸರಣಿಯ ಗೇಮ್ ಅನ್ನೋದು ನಿಮಗೆ ತಿಳಿದಿದೆ. ನನ್ನ ಎಡಗಿವಿ ಕೇಳಿಸದಂತಾಗಿದ್ದು ಹೇಗೆ ಅನ್ನೋದೂ ತಿಳಿದಿದೆ. ಎರಡನ್ನೂ ಮತ್ತೆ ಬರೆಯಲ್ಲ.

ನನ್ನ ಕೆಲಸ ಏನು ಅಂತ ಕೆಲವರು ಈಗಲೂ ಕೇಳುತ್ತಾರೆ. ರಾಗ ನನ್ನದಲ್ಲ. ಸಂಗೀತ ನಿರ್ದೇಶಕರು ಬರೆದದ್ದನ್ನು ವಾದ್ಯಗಳಿಗೆ ಹಂಚುವುದು ನನ್ನ ಪಾಲು. 1981ರಲ್ಲಿ ‘ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್’ ಸಿನಿಮಾಗೆ ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಎರಡು ರಾಗ ಬರೆದು ಸಿನಿಮಾ ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಕೇಳಿಸಿದರು. ಅವರು ಎರಡೂ ಬೇಕು ಅಂದರು. ಒಂದು ಮುಖ್ಯ ರಾಗವಾಯಿತು, ಇನ್ನೊಂದು ಅದರ ನಡುವೆ ಕೂತಿತು. ಈ ಕತೆ ಎಲ್ಲರೂ ಹೇಳುತ್ತಾರೆ. ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅನ್ನೋದನ್ನೂ ಹೇಳುತ್ತಾರೆ. ವಾದ್ಯಗಳಿಗೆ ಹಂಚಿದವರು ಹರ್ಬರ್ಟ್ ಸ್ಪೆನ್ಸರ್ ಅಂದರೆ ಮಾತ್ರ ‘ಅವರ್ಯಾರು?’ ಅಂತಾರೆ. ಇನ್ನು ಆ ಹಂಚಿಕೆಯನ್ನು ಒಬ್ಬೊಬ್ಬ ವಾದಕರ ಮುಂದೆ ಇಡುವ ಹಾಳೆಯಾಗಿ ಇಳಿಸುವವರು ಇರುತ್ತಾರೆ. ಅವರ ಹೆಸರನ್ನು ಯಾರೂ ಕೇಳೋದೇ ಇಲ್ಲ.

ಈ ಬರಹ ಅಂಥ ಒಬ್ಬರಿಗೆ. ಹೆಸರು ಹಾಕಬೇಡ ಅಂದಿದ್ದಾರೆ. ನಾನು ಕರೆಯೋದೇ ಅಕ್ಕ ಅಂತ, ಇಲ್ಲೂ ಹಾಗೇ ಇರಲಿ.

ಮೊದಲು ಉಳಿದವರಿಗೆ. ದೊಡ್ಡವರೊಬ್ಬರ ರಾಗದ ನೆರಳಲ್ಲೇ ನಿಂತು ಸ್ವಂತದ್ದನ್ನು ಬರೆದ ನಮ್ಮ ಸಂಗೀತ ನಿರ್ದೇಶಕರಿಗೆ, ಸ್ಟುಡಿಯೋದ ಎಂಜಿನಿಯರುಗಳಿಗೆ, ಎಂಬತ್ತು ಮಂದಿ ವಾದಕರಿಗೆ, ಡಾಕ್ಟರಿಗೆ, ನನ್ನ ಸಿಡುಕನ್ನು ಸಹಿಸಿಕೊಂಡ ಮನೆಯವರಿಗೆ, ಎಲ್ಲರಿಗೂ ಕೈ ಮುಗಿದೆ. ಒಂದೇ ಸಾಲಲ್ಲಿ ಮುಗಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ರೆಕಾರ್ಡಿಂಗ್ ಹಿಂದಿನ ರಾತ್ರಿ ಏನಾಯಿತು ಅಂತ ಹೇಳೋ ಮೊದಲು ಗೇಮ್ ಸಂಗೀತದ ಒಂದು ತಲೆನೋವು ಹೇಳಬೇಕು. ಸಿನಿಮಾದಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯ ಮೂರು ನಿಮಿಷ ಅಂದರೆ ಮೂರೇ ನಿಮಿಷ. ಗೇಮಿನಲ್ಲಿ ಆಡುವವರು ಬಂಡೆ ಹಿಂದೆ ಅವಿತುಕೊಂಡು ಅರ್ಧ ಗಂಟೆ ಕೂರಬಹುದು. ಸಂಗೀತ ಅಲ್ಲಿಯವರೆಗೂ ಸುತ್ತುತ್ತಿರಬೇಕು. ಅವರು ಎದ್ದು ಓಡಿದ ತಕ್ಷಣ ಮುಂದಿನದಕ್ಕೆ ಹಾರಬೇಕು, ಆ ಹಾರಿದ್ದು ಗೊತ್ತಾಗಬಾರದು. ಇದು ಇವತ್ತಿನ ಪಾಡಲ್ಲ. ಲ್ಯೂಕಾಸ್‌ಆರ್ಟ್ಸ್ ಅನ್ನೋ ಗೇಮ್ ಕಂಪನಿಯಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಇದಕ್ಕಂತಲೇ ಐಮ್ಯೂಸ್ ಅನ್ನೋ ವ್ಯವಸ್ಥೆ ಕಟ್ಟಿ, 1991ರ ಒಂದು ಗೇಮಿನಲ್ಲಿ ಮೊದಲ ಸಲ ಬಳಸಿದರು. ಆಗ ನುಡಿಸುತ್ತಿದ್ದುದು ಕಂಪ್ಯೂಟರಿನ ಸೌಂಡ್ ಕಾರ್ಡ್. ಅದಕ್ಕೆ ಸುಸ್ತಾಗಲ್ಲ, ಎಲ್ಲಿ ಬೇಕಾದರೂ ತಿರುಗಿಸಬಹುದು. ಈಗ ಅದೇ ಕೆಲಸಕ್ಕೆ ಉಸಿರಾಡುವ ಮನುಷ್ಯರನ್ನು ಕೂರಿಸಬೇಕು. ಎಲ್ಲರ ಕಿವಿಯಲ್ಲೂ ಲಯ ಹಿಡಿಸುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್, ಓಡುತ್ತಿರುತ್ತೆ. ತಂತಿವಾದ್ಯ, ಹಿತ್ತಾಳೆ ವಾದ್ಯ, ತಾಳವಾದ್ಯ ಹಲವು ಸಲ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತವೆ. ಗೇಮ್ ಅವನ್ನು ಒಂದರ ಮೇಲೊಂದು ಏರಿಸುತ್ತದೆ, ಇಳಿಸುತ್ತದೆ. ಹಾಗಾಗಿ ಒಂದು ಕಡೆ ಬದಲಾದರೆ ಹತ್ತು ಕಡೆ ಬದಲಾಗಬೇಕು.

ರೆಕಾರ್ಡಿಂಗ್ ಹಿಂದಿನ ಸಂಜೆ ಒಂದು ಕಡೆ ಬದಲಾಯಿತು. ಸೇತುವೆ ದೃಶ್ಯದಲ್ಲಿದ್ದ ಸುರಂಗವನ್ನು ಗೇಮ್ ತಂಡ ತೆಗೆದುಹಾಕಿತು. ಅದಕ್ಕೆ ಅವರದ್ದೇ ಕಾರಣಗಳಿದ್ದವು. ನನಗೆ ಉಳಿದಿದ್ದು ನಲವತ್ತೆಂಟು ಬಾರ್ (ಒಂದು ಬಾರ್ ಅಂದರೆ ತಾಳದ ಒಂದು ಸುತ್ತು) ಹೊಸದಾಗಿ ಬರೆಯುವ ಕೆಲಸ, ಒಂದು ರಾತ್ರಿ, ಒಂದು ಕಿವಿ. ಎಡಗಡೆ ಬರೀ ಗುಂಯ್ ಅನ್ನೋ ಶಬ್ದ. ರಾತ್ರಿ ಹನ್ನೊಂದಕ್ಕೆ ಅಕ್ಕನಿಗೆ ಮೆಸೇಜ್ ಹಾಕಿದೆ: ‘ನನ್ನ ಕೈಲಾಗಲ್ಲ. ಬೇರೆ ಯಾರಿಗಾದರೂ ಕೊಡಿ ಅಂತ ಹೇಳಿಬಿಡ್ತೀನಿ.’

ಒಂದು ನಿಮಿಷದಲ್ಲಿ ಫೋನ್ ಬಂತು. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ‘ಏನು ಬರೆದಿದ್ದೀಯೋ ಅದನ್ನು ಕಳಿಸು. ಕೊಳಲಿನಿಂದ ಶುರು ಮಾಡೋಣ’ ಅಂದರು, ಅಷ್ಟೇ.

ಅಲ್ಲಿಂದ ಒಂದೊಂದೇ ಪಾರ್ಟ್, ಅಂದರೆ ಒಂದೊಂದು ವಾದ್ಯದವರ ಹಾಳೆ. ನಾನು ಬರೆದು ಕಳಿಸುವುದು, ಅವರು ಫೋನಿನಲ್ಲಿ ಗಟ್ಟಿಯಾಗಿ ಓದುವುದು. ಬಾರ್ ಸಂಖ್ಯೆ, ಸ್ವರ, ಎಲ್ಲಿ ಮೆಲ್ಲಗೆ, ಎಲ್ಲಿ ಜೋರು. ನಡುವೆ ನಾನು ಮರೆತದ್ದನ್ನೂ ನೋಡುತ್ತಿದ್ದರು. ‘ಇಲ್ಲಿ ಪುಟ ತಿರುಗಿಸೋಕೆ ಕೈ ಬಿಡುವು ಎಲ್ಲಿದೆ ಮಾರಾಯ?’ ಅಂತ ಬೈದು, ಚೆಲ್ಲೋ ಅನ್ನೋ ದೊಡ್ಡ ತಂತಿವಾದ್ಯದವರ ಮೂರು ಬಾರ್ ವಿರಾಮ ಬಲಪುಟದ ಕೊನೆಗೆ ಬರುವ ಹಾಗೆ ಸಾಲುಗಳನ್ನು ಜರುಗಿಸಿದರು. ಹಾಳೆ ಸರಕ್ ಅಂದರೆ ಮೈಕ್ ಅದನ್ನೂ ಹಿಡಿಯುತ್ತೆ.

ಎರಡೂವರೆ ಹೊತ್ತಿಗೆ ಓದು ನಿಂತಿತು. ಲೈನ್ ಕಟ್ ಆಯಿತು ಅಂದುಕೊಂಡೆ.

‘ಇಪ್ಪತ್ತೊಂದನೇ ಬಾರ್‌ನಿಂದ ಹಾರ್ನ್ ಮತ್ತು ವಯೋಲಾ ಒಂದೇ ಸ್ವರ ನುಡಿಸಬೇಕು ಅಲ್ವಾ?’

‘ಹೌದಕ್ಕ.’

‘ಪುಟದಲ್ಲೂ ಒಂದೇ ಸ್ವರ ಇದೆ. ಇರಬಾರದಲ್ಲ?’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾರ್ನ್ ಅಂದರೆ ಊದುವ ಹಿತ್ತಾಳೆ ವಾದ್ಯ, ವಯೋಲಾ ಅಂದರೆ ವಯಲಿನ್‌ಗಿಂತ ಸ್ವಲ್ಪ ದೊಡ್ಡ ತಂತಿವಾದ್ಯ. ಹಾರ್ನ್ ಪುಟದಲ್ಲಿ ಬರೆದದ್ದೇ ಬೇರೆ, ಕೇಳಿಸೋದೇ ಬೇರೆ. ನಮ್ಮ ಲೆಕ್ಕದಲ್ಲಿ ‘ಸ’ ಬರೆದರೆ ಮಂದ್ರದ ‘ಮ’ ಕೇಳಿಸುತ್ತದೆ. ವಯೋಲಾ ಜೊತೆ ಸೇರಬೇಕಾದರೆ ಹಾರ್ನಿನವರ ಹಾಳೆಯಲ್ಲಿ ಅಷ್ಟೇ ಮೇಲೆ ಬರೆದಿರಬೇಕು. ಗಡಿಬಿಡಿಯಲ್ಲಿ ಹೊಸ ಫೈಲ್ ಮಾಡುವಾಗ ಆ ಒಂದು ಸೆಟ್ಟಿಂಗ್ ಬಿಟ್ಟಿದ್ದೆ. ನಾಲ್ಕೂ ಹಾರ್ನ್ ತಪ್ಪು. ಬೆಳಿಗ್ಗೆ ಎಂಬತ್ತು ಜನರ ಎದುರು ಅದು ಹೊರಡುತ್ತಿತ್ತು.

‘ಕಿವಿ ಹೋಯ್ತು ಅಕ್ಕ, ಅದಕ್ಕೇ ಗೊತ್ತಾಗಲಿಲ್ಲ’ ಅಂದೆ. ಗಂಟಲು ಕಟ್ಟಿತ್ತು.

‘ಕಂಪ್ಯೂಟರಲ್ಲಿ ಕೇಳಿದ್ಯಾ?’

‘ನಾಲ್ಕು ಸಲ.’

‘ಸರಿಯಾಗೇ ನುಡಿಸಿರುತ್ತೆ. ಅದಕ್ಕೆ ಹಾಳೆ ಗೊತ್ತಿಲ್ಲ. ಎರಡು ಕಿವಿಯಲ್ಲ, ನಾಲ್ಕು ಕಿವಿ ಇದ್ದರೂ ನಿನಗೆ ಸಿಗ್ತಿರಲಿಲ್ಲ. ಇದು ಕಣ್ಣಿಗೆ ಮಾತ್ರ ಕಾಣೋ ತಪ್ಪು.’

ಇದನ್ನು ಬರೆಯೋದಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ಆಗ ನಾನು ಅತ್ತುಬಿಟ್ಟೆ. ನಾಚಿಕೆ ಬಿಟ್ಟು, ಬಿಕ್ಕಿ ಬಿಕ್ಕಿ. ಆರು ವಾರದಿಂದ ಕೈ ತಪ್ಪಿದ್ದಕ್ಕೆಲ್ಲ ಆ ಕಿವಿಯನ್ನೇ ಬೈದುಕೊಂಡು ಬಂದಿದ್ದೆ. ಯಾರಾದರೂ ಕೂಗಿದ್ದು ಕೇಳಿಸದಿದ್ದರೆ ಸಿಟ್ಟು, ಕೇಳಿಸಿದರೂ ಅನುಮಾನ. ಇನ್ನು ಈ ಕೆಲಸ ಇಲ್ಲ, ಬೇರೆ ಏನೂ ನನಗೆ ಬರಲ್ಲ ಅಂತ ರಾತ್ರಿಯೆಲ್ಲ ಗೋಡೆ ನೋಡುತ್ತಿದ್ದೆ. ಇದು ಮನೆಯವರಿಗೂ ಗೊತ್ತಿಲ್ಲ, ಈಗ ಓದಿದರೆ ಗೊತ್ತಾಗುತ್ತೆ.

ಅಕ್ಕ ಫೋನ್ ಇಡಲಿಲ್ಲ, ಮಾತೂ ಆಡಲಿಲ್ಲ. ಆ ಕಡೆ ಪ್ರಿಂಟರ್ ಓಡುವ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ‘ಆಯ್ತಾ? ಹಾರ್ನ್ ನಾನು ಸರಿ ಮಾಡಿದೆ. ಈಗ ಸೆಕೆಂಡ್ ವಯಲಿನ್’ ಅಂದರು.

ಐದೂಕಾಲಿಗೆ ಮುಗಿಯಿತು.

ರೆಕಾರ್ಡಿಂಗಿನಲ್ಲಿ ಸೇತುವೆ ಭಾಗವನ್ನು ನಿಲ್ಲಿಸದೆ ಎರಡು ಸಲ ನುಡಿಸಿದರು. ಕಮಾನು ಎತ್ತಿದ ಮೇಲೂ ಹಾಲ್‌ನಲ್ಲಿ ನಾದ ಸ್ವಲ್ಪ ಹೊತ್ತು ಉಳಿಯುತ್ತದಲ್ಲ. ಎರಡನೇ ಸಲದ ಶುರುವಿನಲ್ಲಿ ಮೊದಲ ಸಲದ ಕೊನೆಯ ನಾದ ಇನ್ನೂ ಇರುತ್ತದೆ. ಆ ಎರಡನೇ ಸಲದ್ದನ್ನು ಕತ್ತರಿಸಿ ಇಟ್ಟರೆ ಗೇಮಿನಲ್ಲಿ ಎಷ್ಟು ಸುತ್ತು ಹೊಡೆದರೂ ಗಂಟು ಕಾಣಲ್ಲ. ಇಪ್ಪತ್ತೊಂದನೇ ಬಾರ್ ಬಂದಾಗ ನಾನು ಹೆಡ್‌ಫೋನ್ ತೆಗೆದು ಬಲಗಿವಿಯನ್ನು ಸ್ಪೀಕರಿಗೆ ತಿರುಗಿಸಿ ಕೂತೆ. ನಾಲ್ಕು ಹಾರ್ನ್, ಹತ್ತು ವಯೋಲಾ, ಒಂದೇ ಸ್ವರ. ಹಾರ್ನಿನವರೊಬ್ಬರು ಆಮೇಲೆ ಹಾಳೆ ಎತ್ತಿ ತೋರಿಸಿ ‘ಚೆನ್ನಾಗಿ ಮಾಡಿದ್ದಾರೆ’ ಅಂದರು. ಆ ಮಾತು ಅಕ್ಕನಿಗೆ ತಲುಪಿಸಿದ್ದೇನೆ.

ಅಕ್ಕ ಜನ್ಮದಲ್ಲಿ ಗೇಮ್ ಆಡಿದವರಲ್ಲ. ಹೋದ ವಾರ ಅವರ ಮನೆಗೆ ಹೋಗಿ, ಸೇತುವೆಗೆ ಸ್ವಲ್ಪ ಮುಂಚೆ ಸೇವ್ ಮಾಡಿಟ್ಟಿದ್ದ ಜಾಗದಿಂದ ಶುರು ಮಾಡಿ ಕೈಗೆ ಕಂಟ್ರೋಲರ್ ಕೊಟ್ಟೆ. ಮೊದಲು ಎರಡು ಸಲ ನದಿಗೆ ಬಿದ್ದರು. ಮೂರನೇ ಸಲ ಹೇಗೋ ಬಂಡೆ ಹಿಂದೆ ಸೇರಿಕೊಂಡರು. ಹಾರ್ನ್ ಬಂತು, ಹೋಯಿತು, ಸುತ್ತಿ ಮತ್ತೆ ಬಂತು. ಹಗ್ಗ ಹರಿಯುತ್ತಿದೆ, ವೈರಿಗಳು ಕೂಗುತ್ತಿದ್ದಾರೆ, ಇವರು ಅಲ್ಲಾಡುತ್ತಿಲ್ಲ.

‘ಓಡಿ ಅಕ್ಕ, ಓಡಿ!’

‘ಸುಮ್ನಿರೋ. ಇನ್ನೊಂದು ಸಲ ಬರಲಿ.’