ಮೂರು ವಾರ ತೆರೆಯದ ಪೆಟ್ಟಿಗೆ

ಚಿ. ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಮನೆಯ ಸುದ್ದಿಯೆಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಮತ್ತೆ ಬರೆಯುವುದಿಲ್ಲ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, "ತೆರೆದರೆ ಎಲ್ಲಿ ಹಾರಿಹೋಗ್ತವೋ ಅಂತ ಮೂರು ವಾರದಿಂದ ಜೇನುಪೆಟ್ಟಿಗೆಯ ಮುಚ್ಚಳವನ್ನೇ ತೆಗೆದಿಲ್ಲ ದೊಡ್ಡಪ್ಪ" ಅಂತ, ಆ ಸಾಲು ಓದಿದಾಗಿನಿಂದ ಸರಿಯಾಗಿ ನಿದ್ದೆ ಹತ್ತಿಲ್ಲ.

ಮೂರು ವಾರ ಅಂದರೆ ರಾಣಿ ಇಟ್ಟ ಮೊಟ್ಟೆ ಒಡೆದು ಮರಿಯಾಗಿ, ಜೇನುನೊಣ ಮೇಣದಲ್ಲಿ ಕಟ್ಟಿದ ಎರಿಯ ಪುಟ್ಟ ಕೋಣೆಯಂಥ ಕಣ್ಣಿನೊಳಗೇ ಮಲಗಿ, ರೆಕ್ಕೆ ಬಲಿತು ಹೊರಗೆ ಬರುವಷ್ಟು ಕಾಲ. ಅಷ್ಟರಲ್ಲಿ ಒಳಗೆ ಏನು ಬೇಕಾದರೂ ಆಗಿರಬಹುದು, ಏನೂ ಆಗದೆಯೂ ಇರಬಹುದು. ತುಡುವೆ, ಅಂದರೆ ನಾವು ಪೆಟ್ಟಿಗೆಯಲ್ಲಿ ಸಾಕುವ ಈ ಜೇನು, ಹಾರಿಹೋಗುವ ಜಾತಿಯೇ ಹೌದು, ನಿನಗೆ ಸುಳ್ಳು ಹೇಳಲಾರೆ. ಆದರೆ ಐದು ನಿಮಿಷ ಮುಚ್ಚಳ ತೆಗೆದದ್ದಕ್ಕೆ ಅದು ಮನೆ ಬಿಡುವುದಿಲ್ಲ. ತಿನ್ನಲಿಕ್ಕೆ ಇಲ್ಲದೆ ಬಿಡುತ್ತದೆ, ಇರುವೆ ಹತ್ತಿ ಬಿಡುತ್ತದೆ, ಮೇಣದ ಹುಳ ಎರಿಗೆ ಬಲೆ ಕಟ್ಟಿದರೆ ಬಿಡುತ್ತದೆ. ಇದರಲ್ಲಿ ಯಾವುದು ಆಗಿದ್ದರೂ ಮುಚ್ಚಳ ತೆಗೆದವರ ಕಣ್ಣಿಗೆ ಮಾತ್ರ ಬೀಳುವುದು.

ನನಗೆ ಇದನ್ನು ಹೇಳಲಿಕ್ಕೆ ಬಾಯಿಲ್ಲ. ಆದರೂ ಹೇಳುತ್ತೇನೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಸವರಿಕೊಂಡು ಹೋಯಿತು. ನಮ್ಮ ತೋಟದಲ್ಲಿ ಆಗ ಹದಿನಾಲ್ಕು ಪೆಟ್ಟಿಗೆ. ನಿನ್ನ ಅಜ್ಜ ಹಾಸಿಗೆ ಹಿಡಿದಿದ್ದರು, ಜೇನಿನ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲನೇ ಪೆಟ್ಟಿಗೆಯಲ್ಲಿ ಮರಿಗಳು ಕಣ್ಣಿನೊಳಗೆ ತಲೆ ಮೇಲೆತ್ತಿ, ದೋಣಿಯ ಮೂತಿಯ ಹಾಗೆ ಚೂಪಾಗಿ ಸತ್ತಿದ್ದವು. ಹಿಡಿಕಡ್ಡಿಯ ತುದಿಯಿಂದ ಒಂದನ್ನು ಎಳೆದೆ. ನೀರು ತುಂಬಿದ ಪುಟ್ಟ ಚೀಲದ ಹಾಗೆ ಜೋತಾಡಿತು. ಎರಿಯನ್ನು ಹಾಗೇ ಒಳಗಿಟ್ಟು ಮುಚ್ಚಿ ಬಂದೆ. ಉಳಿದ ಹದಿಮೂರನ್ನು ತೆರೆಯಲಿಲ್ಲ, ಕೂಸೇ. ನೋಡದಿದ್ದರೆ ಅಲ್ಲಿ ಏನೂ ಆಗಿಲ್ಲ ಅಂದುಕೊಳ್ಳಬಹುದಿತ್ತಲ್ಲ.

ಅಪ್ಪ ದಿನಾ ಸಂಜೆ ಕೇಳುತ್ತಿದ್ದರು, "ನೊಣ ಹೇಗಿವೆ?" ನಾನು "ಅಡ್ಡಿಯಿಲ್ಲ" ಅನ್ನುತ್ತಿದ್ದೆ.

ತಿಂಗಳು ಕಳೆದು ತೆರೆದಾಗ ಹನ್ನೊಂದು ಖಾಲಿ. ಆ ರೋಗಕ್ಕೆ ಮದ್ದಿರಲಿಲ್ಲ, ಈಗಲೂ ಇಲ್ಲ. ನಾನು ನೋಡಿದ್ದರೂ ಬಹಳಷ್ಟು ಹೋಗುತ್ತಿದ್ದವು. ಆದರೆ ಬಲ ಕುಂದಿದ ಪೆಟ್ಟಿಗೆಯ ಜೇನುತುಪ್ಪವನ್ನು ಪಕ್ಕದ ಪೆಟ್ಟಿಗೆಯ ನೊಣ ಕದ್ದು ಒಯ್ಯುತ್ತವೆ, ತುಪ್ಪದ ಜೊತೆ ರೋಗವೂ ಹೋಗುತ್ತದೆ. ಸತ್ತ ಪೆಟ್ಟಿಗೆಗಳ ಬಾಗಿಲನ್ನಾದರೂ ಮುಚ್ಚಬಹುದಿತ್ತು. ಅಂಗೈಯಗಲದ ಹಲಗೆ ಸಾಕಿತ್ತು. ಅಪ್ಪನಿಗೆ ಕೊನೆಯವರೆಗೂ ಹೇಳಲಿಲ್ಲ.

ನಿನ್ನದು ಅಂಥ ರೋಗ ಅಂತ ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡ. ತೆರೆಯದೆ ಬಿಟ್ಟ ಪೆಟ್ಟಿಗೆ ಅಂದರೆ ನನಗೆ ಅದೇ ನೆನಪಾಗುತ್ತದೆ, ಅಷ್ಟೇ.

ಒಮ್ಮೆಲೇ ಧೈರ್ಯ ಬಾರದಿದ್ದರೆ ಮೊದಲು ಹೊರಗಿನಿಂದ ನೋಡು. ಬೆಳಿಗ್ಗೆ ಮಳೆ ಬಿಟ್ಟ ಹೊತ್ತಿನಲ್ಲಿ ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕದಲ್ಲಿ ಕೂತುಕೋ. ಒಳಗೆ ಹೋಗುವ ನೊಣದ ಹಿಂಗಾಲಿನಲ್ಲಿ ಹಳದಿ ಉಂಡೆ ಕಂಡರೆ ಅದು ಮರಿಗೆ ತರುತ್ತಿರುವ ಪರಾಗ. ಹಾರಿಹೋಗುವ ಜೇನಿನಲ್ಲಿ ರಾಣಿ ಮೊದಲೇ ಮೊಟ್ಟೆ ನಿಲ್ಲಿಸಿರುತ್ತದೆ, ಪರಾಗ ಬರುವುದೂ ಕಡಿಮೆಯಾಗುತ್ತದೆ. ಮರಿ ತುಂಬಿದ ಎರಿಯನ್ನು ತುಡುವೆ ಸುಲಭಕ್ಕೆ ಬಿಡುವುದಿಲ್ಲ. ಇದು ಗೊತ್ತಿದ್ದರೆ ನಿನ್ನ ಕೈ ನಡುಗುವುದು ಸ್ವಲ್ಪ ಕಡಿಮೆಯಾದೀತು.

ಆಮೇಲೆ ಮಳೆ ಬಿಟ್ಟು ಹೊಳವಾದ ಮಧ್ಯಾಹ್ನ ನೋಡಿಕೊಂಡು ತೆರೆ. ಒಂದೆರಡು ಸಲ ತೆಳ್ಳಗೆ ಹೊಗೆ ಹಾಕಿದರೆ ಸಾಕು. ನಿನಗೆ ತರಬೇತಿಯಲ್ಲಿ ಇದನ್ನೆಲ್ಲ ಹೇಳಿರುತ್ತಾರೆ, ಮುದುಕನ ಮಾತು ಅಂತ ಕೇಳಿಸಿಕೋ. ನೊಣ ಕೂರದ ಖಾಲಿ ಎರಿಯಿದ್ದರೆ ತೆಗೆದುಬಿಡು, ಮೇಣದ ಹುಳ ಮೊದಲು ಸೇರುವುದು ಅಲ್ಲಿಗೇ. ತುಪ್ಪ ಕಾಣದಿದ್ದರೆ ಸಕ್ಕರೆಗೆ ಅಷ್ಟೇ ನೀರು ಹಾಕಿ ಕರಗಿಸಿ, ಕತ್ತಲಾಗುವಾಗ ಇಡು, ಹೊರಗೆ ಚೆಲ್ಲಬೇಡ. ಸ್ಟ್ಯಾಂಡಿನ ಕಾಲಡಿಯ ಬಟ್ಟಲಲ್ಲಿ ನೀರಿದ್ದರೂ ಪಕ್ಕದ ಹುಲ್ಲು ಬಾಗಿ ಪೆಟ್ಟಿಗೆಗೆ ತಾಗಿದರೆ ಇರುವೆಗೆ ಅದೇ ದಾಟುವ ಸಂಕ. ಈ ಮಳೆಯಲ್ಲಿ ಹುಲ್ಲು ಎಷ್ಟು ಬೇಗ ಬೆಳೆಯುತ್ತದೆ ಅಂತ ನಿನಗೆ ಗೊತ್ತಲ್ಲ.

ತೆರೆದ ದಿನವೇ ನನಗೆ ಬರೆ. ಖಾಲಿಯಿದ್ದರೆ ಖಾಲಿ ಅಂತಲೇ ಬರೆ, "ಅಡ್ಡಿಯಿಲ್ಲ" ಅಂತ ಬರೆಯಬೇಡ. ದೀಪಾವಳಿ ಕಳೆದು ಇಲ್ಲಿಯ ಜೇನು ಕುಟುಂಬ ಎರಡಾಗಿ ಪಾಲಾಗುವಾಗ ಒಂದು ಪಾಲನ್ನು ನಿನಗೆ ಅಂತ ಕೂಡಿಸಿ ಇಡುತ್ತೇನೆ.

ನಿನ್ನ
ದೊಡ್ಡಪ್ಪ