ಮುಟ್ಟದೆ ಮಕ್ಕಳಿಗೆ ತಿಳಿಯುವುದು ಹೇಗೆ?

ಮಾನ್ಯ ಸಂಪಾದಕರೇ,

ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ವಿವರದ ಫಲಕಗಳನ್ನು ಯಾರ ಎತ್ತರಕ್ಕೆ ಹಾಕುತ್ತಾರೋ, ಆರು ವರ್ಷದ ಮಗುವಿಗಂತೂ ಎಟುಕುವುದಿಲ್ಲ. ಕತ್ತು ಚಾಚಿ ಓದಿದರೂ ‘ಬೀಸುಕಲ್ಲು’ ಎಂಬ ಒಂದೇ ಪದ. ಪಕ್ಕದಲ್ಲಿ ‘ಮುಟ್ಟಬೇಡಿ’ ಬೋರ್ಡು.

ಇತ್ತೀಚೆಗೆ ಮೊಮ್ಮಕ್ಕಳನ್ನು ಇಂಥ ಒಂದು ಕಡೆ ಕರೆದುಕೊಂಡು ಹೋಗಿದ್ದೆ. ಚಿಕ್ಕವಳು ಬೀಸುಕಲ್ಲಿನ ಮುಂದೆ ನಿಂತವಳು ಕದಲಲೇ ಇಲ್ಲ. ‘ಅಜ್ಜಿ, ಕಾಳು ಎಲ್ಲಿ ಹಾಕೋದು? ಹಿಟ್ಟು ಎಲ್ಲಿಂದ ಬರುತ್ತೆ?’ ಕೆಳಗಿನ ಕಲ್ಲು ಅಲುಗಾಡುವುದಿಲ್ಲ, ಮೇಲಿನದು ಮಾತ್ರ ತಿರುಗುತ್ತದೆ, ನಡುವಿನ ತೂತಿಗೆ ಕಾಳು ಹಾಕಿದರೆ ಹಿಟ್ಟು ಸುತ್ತಲೂ ಅಂಚಿನಿಂದ ಉದುರುತ್ತದೆ ಎಂದೆ. ಸವೆದು ನುಣ್ಣಗಾದ ಕಲ್ಲು ಬೀಸುವುದಿಲ್ಲ, ಉಳಿಯಿಂದ ಮತ್ತೆ ಕಚ್ಚು ಹಾಕಿಸಬೇಕು ಎಂದೂ ಹೇಳಿದೆ. ಅವಳ ಕಣ್ಣು ಅಷ್ಟರಲ್ಲಿ ಮರದ ಗೂಟದ ಮೇಲಿತ್ತು. ‘ಇದು ಒಂದೇ ಕಡೆ ಯಾಕೆ ಸವೆದಿದೆ?’ ಎಂಥ ಒಳ್ಳೆ ಪ್ರಶ್ನೆ! ಉತ್ತರ ಹೇಳುವಷ್ಟರಲ್ಲಿ ಕಾವಲುಗಾರರು ಬಂದು ‘ಮುಂದೆ ನಡೀರಿ’ ಎಂದರು.

ಹಳೆಯ ಬಟ್ಟೆ, ತಾಳೆಗರಿ ಇಂಥವು ಕೈ ತಾಗಿದರೆ ಹಾಳಾಗುತ್ತವೆ, ಒಪ್ಪುತ್ತೇನೆ. ಅವು ಗಾಜಿನೊಳಗೇ ಇರಲಿ. ಆದರೆ ಬೀಸುಕಲ್ಲಿಗೆ, ಚರಕಕ್ಕೆ, ಹಳೇ ಕಾಲದ ಬೀಗಕ್ಕೆ ಅಷ್ಟೊಂದು ಹೆದರಿಕೆ ಯಾಕೆ? ಒಂದೊಂದು ಜಾಸ್ತಿ ತಂದು ಮಕ್ಕಳಿಗೆಂದೇ ಇಡಬಹುದಲ್ವಾ? ಇದೇನೂ ಹೊಸ ವಿಚಾರವಲ್ಲ. ಸ್ವೀಡನ್ನಿನ ಆರ್ಟುರ್ ಹಾಜೇಲಿಯಸ್ 1891ರಲ್ಲೇ ಸ್ಟಾಕ್‌ಹೋಮಿನಲ್ಲಿ ‘ಸ್ಕಾನ್ಸೆನ್’ ಎಂಬ ಬಯಲು ಸಂಗ್ರಹಾಲಯ ತೆರೆದರು. ಹಳ್ಳಿಗಳ ಹಳೆಯ ಮನೆಗಳನ್ನೇ ಅಲ್ಲಿಗೆ ತಂದು ನಿಲ್ಲಿಸಿದರು. ಅಮೆರಿಕದ ಬ್ರೂಕ್ಲಿನ್‌ನಲ್ಲಿ 1899ರಲ್ಲಿ ಮಕ್ಕಳಿಗಾಗಿಯೇ ಒಂದು ಸಂಗ್ರಹಾಲಯ ಶುರುವಾಯಿತು.

ಶಾಲೆಯವರಿಗೂ ಒಂದು ಮಾತು. ನಾನೂ ಟೀಚರ್ ಆಗಿದ್ದವಳು, ಅದಕ್ಕೇ ಹೇಳುತ್ತಿದ್ದೇನೆ. ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ಫಲಕ ನಕಲು ಮಾಡಿಸಬೇಡಿ. ಅವರು ಬೋರ್ಡು ನೋಡುತ್ತಾರೆಯೇ ಹೊರತು ವಸ್ತುವನ್ನಲ್ಲ. ಇಷ್ಟವಾದ ಒಂದೇ ಒಂದನ್ನು ಚಿತ್ರ ಬಿಡಿಸಲು ಹೇಳಿ. ಎಲ್ಲ ಕೋಣೆ ಮುಗಿಸಲೇಬೇಕು ಎಂದೇನಿಲ್ಲ.

ಇನ್ನೊಂದು ಕೋರಿಕೆ. ಈ ಸಾಮಾನುಗಳನ್ನು ಬಳಸಿ ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ರಜಾ ದಿನಗಳಲ್ಲಿ ಅವರನ್ನು ಕರೆದು, ಒಂದು ಕುರ್ಚಿ ಹಾಕಿ ಕೂರಿಸಿ, ಮಕ್ಕಳಿಗೆ ಮಾಡಿ ತೋರಿಸಲು ಹೇಳಬಹುದು. ಮೇ 18ರಂದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಇದೆ, ಅವತ್ತೇ ಶುರು ಮಾಡಲಿ. ಭಾಷಣಗಳನ್ನು ಬೇಕಾದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ.

– ನಿವೃತ್ತ ಶಿಕ್ಷಕಿ